ಶ್ರೀಲಂಕಾ ಯಾಕೆ ದಿವಾಳಿ ಆಯ್ತು? ಅಲ್ಲಿ ಆರು ವರ್ಷ ಇದ್ದವಳು ಬರೆಯುತ್ತಿದ್ದೇನೆ

ಲೆಕ್ಕದಮ್ಮ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಈ ವಾರ ಮತ್ತೆ ಅದೇ ಮೆಸೇಜು ಬಂತು. "ಬಿಟ್ಟಿ ಭಾಗ್ಯ ಕೊಟ್ಟು ಕೊಟ್ಟು ಶ್ರೀಲಂಕಾ ದಿವಾಳಿ ಆಯ್ತು, ಮುಂದಿನ ಸರದಿ ಕರ್ನಾಟಕದ್ದು" ಅಂತ. ಓದಿ ಸುಮ್ನೆ ಇರಲು ಆಗಲಿಲ್ಲ. ಅಲ್ಲಿ ಬರೆದರೆ ಜಗಳ ಆಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು 2017ರಿಂದ 2023ರವರೆಗೆ ಶ್ರೀಲಂಕಾದಲ್ಲಿ ಇದ್ದೆ. ಕೊಲಂಬೊ ವಿಮಾನ ನಿಲ್ದಾಣದ ಪಕ್ಕದಲ್ಲೇ ಕಟುನಾಯಕೆ ಅಂತ ಊರು. 1978ರಿಂದ ಅಲ್ಲಿ ರಫ್ತು ವಲಯ ಇದೆ. ಅಲ್ಲಿನ ಒಂದು ಗಾರ್ಮೆಂಟ್ಸಿನಲ್ಲಿ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಪೀಣ್ಯದಲ್ಲಿ ಇದೇ ಕೆಲಸ ಮಾಡಿದ್ದೆ.

2020ರ ಜನವರಿ ಸಂಬಳ ಚೆನ್ನಾಗಿ ನೆನಪಿದೆ. ಹಿಂದಿನ ನವೆಂಬರಿನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾಗಿ ಗೆದ್ದಿದ್ದರು. ಚುನಾವಣೆಯಲ್ಲಿ ಹೇಳಿದ್ದಂತೆ ತೆರಿಗೆ ಇಳಿಸಿದರು. ಡಿಸೆಂಬರ್ 1ರಿಂದ ವ್ಯಾಟ್ (ನಮ್ಮ ಜಿಎಸ್‌ಟಿ ಥರದ ಮಾರಾಟ ತೆರಿಗೆ) ಶೇ. 15ರಿಂದ ಶೇ. 8ಕ್ಕೆ ಬಂತು. ಮೊದಲು ವರ್ಷಕ್ಕೆ 1.2 ಕೋಟಿ ಲಂಕಾ ರೂಪಾಯಿ ವ್ಯಾಪಾರ ಮಾಡುವವರು ವ್ಯಾಟ್ ಕಟ್ಟಬೇಕಿತ್ತು. ಆ ಮಿತಿಯನ್ನು ಒಂದೇ ಏಟಿಗೆ 30 ಕೋಟಿಗೆ ಏರಿಸಿದರು. ಜನವರಿಯಿಂದ ಸಂಬಳದಲ್ಲಿ ಮುರಿಯುತ್ತಿದ್ದ ತೆರಿಗೆಯೇ ರದ್ದು. ಕಂಪ್ಯೂಟರಿನಲ್ಲಿ ಆ ಕಾಲಂ ಅನ್ನು ನಾನೇ ಸೊನ್ನೆ ಮಾಡಿದೆ. ನನ್ನ ಕೈಗೂ ಜಾಸ್ತಿ ಸಂಬಳ ಬಂತು. ಆಫೀಸಿನಲ್ಲಿ ಎಲ್ಲರೂ ಖುಷಿಪಟ್ಟೆವು.

ಆದರೆ ಸಂಬಳದ ಪಟ್ಟಿ ಮುಂದಿಟ್ಟುಕೊಂಡು ಕೂತವಳಿಗೆ ಇನ್ನೊಂದು ವಿಷಯವೂ ಕಾಣುತ್ತದೆ. ಆ ತೆರಿಗೆ ಬೀಳುತ್ತಿದ್ದದ್ದು ತಿಂಗಳಿಗೆ 1 ಲಕ್ಷ ಲಂಕಾ ರೂಪಾಯಿಗಿಂತ ಜಾಸ್ತಿ ದುಡಿಯುವವರಿಗೆ. ಮಷೀನಿನ ಮುಂದೆ ಕೂತು ಹೊಲಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರೂ ಆ ಕಾಲಂನಲ್ಲಿ ಇರಲಿಲ್ಲ. ಅವರ ಸಂಬಳದ ಚೀಟಿ ಹೋದ ತಿಂಗಳು ಹೇಗಿತ್ತೋ ಹಾಗೇ ಇತ್ತು. ಸರ್ಕಾರ ಬಿಟ್ಟುಕೊಟ್ಟ ದುಡ್ಡು ಬಂದದ್ದು ನನ್ನಂಥವರಿಗೆ, ನಮ್ಮ ಮೇಲಿನವರಿಗೆ, ದೊಡ್ಡ ಅಂಗಡಿಯವರಿಗೆ.

ದೇಶದ ಒಟ್ಟು ದುಡಿಮೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. 2019ರಲ್ಲಿ ಅದರಲ್ಲಿ ಸುಮಾರು 11.6 ರೂಪಾಯಿ ತೆರಿಗೆಯಾಗಿ ಸರ್ಕಾರಕ್ಕೆ ಬರುತ್ತಿತ್ತು. ಅದೇ ಕಡಿಮೆ. 2020ರಲ್ಲಿ ಅದು 8 ರೂಪಾಯಿಗೆ ಬಂತು. ತೆರಿಗೆ ಇಳಿಸಿದರೆ ವ್ಯಾಪಾರ ಬೆಳೆಯುತ್ತದೆ, ಕೊನೆಗೆ ತೆರಿಗೆಯೂ ಬೆಳೆಯುತ್ತದೆ ಅಂತ ಅವರು ಹೇಳಿದ್ದರು. ಮಾರ್ಚಿನಲ್ಲಿ ಕೊರೊನಾ ಬಂತು. ಆಗಲಾದರೂ ಇಳಿಸಿದ್ದನ್ನು ವಾಪಸ್ ಏರಿಸಲಿಲ್ಲ. ಆ ವರ್ಷ ಸರ್ಕಾರಕ್ಕೆ ಬಂದ ಪ್ರತಿ 100 ರೂಪಾಯಿ ಆದಾಯದಲ್ಲಿ 70ಕ್ಕೂ ಜಾಸ್ತಿ ಹಳೇ ಸಾಲದ ಬಡ್ಡಿಗೇ ಹೋಯಿತು. ಉಳಿದ 30ರಲ್ಲಿ ಸಂಬಳ, ಪಿಂಚಣಿ, ಆಸ್ಪತ್ರೆ, ಶಾಲೆ, ಸೈನ್ಯ ಎಲ್ಲ ನಡೆಯಬೇಕು. ನಡೆಯುವುದಿಲ್ಲ, ಅಲ್ವಾ? ಮತ್ತೆ ಸಾಲ ಮಾಡಬೇಕು.

ಬಡವರಿಗೆ ಕೊಟ್ಟಿದ್ದರಿಂದ ಆ ದೇಶ ಮುಳುಗಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಉಳ್ಳವರಿಂದ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರಿಂದ ಮುಳುಗಿತು. ನಿಮ್ಮ ಅಭಿಪ್ರಾಯ ಹೇಳಿ.

ಗದ್ದೆಬದು

ಅಕ್ಕ, ನೀವು ಹೇಳಿದ್ದು ಸರಿ ಇರಬಹುದು. ಆದರೆ ಗೊಬ್ಬರದ ಸಂಗತಿ ಬಿಟ್ಟೇಬಿಟ್ಟಿದ್ದೀರಿ. ನಾನು ಗಂಗಾವತಿ ಕಡೆಯವನು, ಭತ್ತ ಬೆಳೆಯುತ್ತೇನೆ. ನಮ್ಮ ಕಡೆ ರೈತರು ಶ್ರೀಲಂಕಾ ಅಂದರೆ ಮೊದಲು ಹೇಳುವುದೇ ಅದನ್ನು.

2021ರಲ್ಲಿ ಒಂದು ಆದೇಶ ಹೊರಡಿಸಿ ರಾಸಾಯನಿಕ ಗೊಬ್ಬರ, ಔಷಧಿ ಎರಡನ್ನೂ ಹೊರಗಿನಿಂದ ತರಿಸುವುದನ್ನು ನಿಲ್ಲಿಸಿದರು. ಇಡೀ ದೇಶ ಒಂದೇ ಸಲಕ್ಕೆ ಸಾವಯವ ಆಗಬೇಕು ಅಂತ. ಸಾವಯವ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಾನೇ ಒಂದು ಎಕರೆ ಮಾಡುತ್ತೇನೆ. ಆದರೆ ಲೆಕ್ಕ ನೋಡಿ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 20 ಕೆಜಿ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು 100 ಕೆಜಿಗೆ ಅರ್ಧ ಕೆಜಿ. ಅಂದರೆ ಒಂದು ಚೀಲದ ಬದಲಿಗೆ 4 ಟನ್ ಗೊಬ್ಬರ ಬೇಕು. ಅದೂ ನಿಧಾನಕ್ಕೆ ಬಿಡುತ್ತದೆ. ಭತ್ತ ತೆಂಡೆ ಒಡೆಯುವಾಗ ಅದಕ್ಕೆ ಬೇಕಾದಷ್ಟು ಸಿಗುವುದಿಲ್ಲ. ಒಂದು ದೇಶಕ್ಕೆ ಬೇಕಾದಷ್ಟು ಸಗಣಿ ಆರು ತಿಂಗಳಲ್ಲಿ ಎಲ್ಲಿಂದ ಬರಬೇಕು? ಭೂಮಿ ಒಗ್ಗಿಕೊಳ್ಳುವುದಕ್ಕೇ ವರ್ಷಗಟ್ಟಲೆ ಬೇಕು.

ಅಲ್ಲಿನ ದೊಡ್ಡ ಬೆಳೆ 'ಮಹಾ' ಹಂಗಾಮು. ಆ ವರ್ಷ ಅದರಲ್ಲಿ ಭತ್ತ ಶೇ. 40ರಷ್ಟು ಬಿದ್ದುಹೋಯಿತು. ಅಕ್ಕಿಯಲ್ಲಿ ಸ್ವಾವಲಂಬಿ ಆಗಿದ್ದ ದೇಶ ಅಕ್ಕಿಗೆ ಕೈ ಚಾಚಿತು. ನನ್ನ ಪ್ರಕಾರ ಇದೇ ದೊಡ್ಡ ಏಟು.

ಲೆಕ್ಕದಮ್ಮ

ಗದ್ದೆಬದು ಅಣ್ಣ, ಆ 4 ಟನ್ ಲೆಕ್ಕಕ್ಕೆ ಥ್ಯಾಂಕ್ಸ್. ನಾನು ಯಾವತ್ತೂ ಆ ಕಡೆಯಿಂದ ಯೋಚಿಸಿರಲಿಲ್ಲ.

ಆದರೆ ಆ ಆದೇಶ ಯಾಕೆ ಬಂತು ಅಂತಲೂ ನೋಡಬೇಕು. ಆರೋಗ್ಯಕ್ಕಾಗಿ ಅಂತ ಹೇಳಿದರು. ಆದರೆ ಆ ಹೊತ್ತಿಗೆ ಡಾಲರ್ ಖಾಲಿಯಾಗುತ್ತಿತ್ತು. 2020ರಲ್ಲಿ ಗೊಬ್ಬರ ತರಿಸಲು ಸುಮಾರು 26 ಕೋಟಿ ಡಾಲರ್ ಹೋಗಿತ್ತು. 2020ರ ಮಾರ್ಚಿನಿಂದಲೇ ಕಾರು, ಬೈಕ್ ತರಿಸುವುದು ನಿಂತಿತ್ತು. ಅರಿಸಿನಕ್ಕೂ ತಡೆ ಬಿದ್ದಿತ್ತು, ಆಮೇಲೆ ಗೊಬ್ಬರದ ಸರದಿ. ಡಾಲರ್ ಉಳಿಸಲು ಹೋಗಿ ಅಕ್ಕಿ ತರಿಸಲು ಡಾಲರ್ ಕೊಟ್ಟರು. ಬೆಳೆ ಹೋದ ರೈತರಿಗೆ 4,000 ಕೋಟಿ ಲಂಕಾ ರೂಪಾಯಿ ಪರಿಹಾರ ಬೇರೆ ಘೋಷಿಸಿದರು. ಚೀನಾದಿಂದ ಬಂದ ಸಾವಯವ ಗೊಬ್ಬರದ ಹಡಗಿನಲ್ಲಿ ರೋಗಾಣು ಇದೆ ಅಂತ ಇಳಿಸಿಕೊಳ್ಳಲೇ ಇಲ್ಲ. ಜಗಳ ಆಗಿ ಕೊನೆಗೆ ಅದಕ್ಕೂ 67 ಲಕ್ಷ ಡಾಲರ್ ಕಟ್ಟಿದರು.

ಗೊಬ್ಬರದ್ದು ದೊಡ್ಡ ತಪ್ಪು, ಒಪ್ಪುತ್ತೇನೆ. ಆದರೆ ಅದು ಹಿಂದಿನ ತಪ್ಪಿನ ಮಗು.

ಕಡಲತಡಿ

ಎಲ್ಲರೂ ಚೀನಾ ಬಗ್ಗೆ ಯಾಕೆ ಮಾತಾಡುತ್ತಿಲ್ಲ? ಸಾಲ ತೀರಿಸಲಾಗದೆ ಹಂಬನ್‌ತೋಟ ಬಂದರನ್ನೇ 99 ವರ್ಷಕ್ಕೆ ಬರೆದುಕೊಟ್ಟರಲ್ಲ. ನಾನು ಮಂಗಳೂರಿನ ಬಂದರಿನಲ್ಲಿ ಕೆಲಸ ಮಾಡಿದವನು. ಒಂದು ಬಂದರು ಕೈಬಿಟ್ಟು ಹೋಗುವುದು ಅಂದರೆ ಏನು ಅಂತ ಗೊತ್ತು.

ನಿವೃತ್ತ ಬ್ಯಾಂಕಿನವ

ನಾನೂ ಹಾಗೇ ಅಂದುಕೊಂಡಿದ್ದೆ ಸರ್. ಆಮೇಲೆ ಅಂಕಿ ತೆಗೆದು ನೋಡಿದೆ. 2017ರಲ್ಲಿ ಬಂದರನ್ನು ಗುತ್ತಿಗೆ ಕೊಟ್ಟಾಗ 112 ಕೋಟಿ ಡಾಲರ್ ಬಂತು. ಆ ದುಡ್ಡು ಬಂದರಿನ ಸಾಲಕ್ಕೆ ಜಮೆ ಆಗಲಿಲ್ಲ. ದೇಶದ ವಿದೇಶಿ ವಿನಿಮಯ ನಿಧಿಗೆ ಹೋಯಿತು. ಬಂದರು ಕಟ್ಟಲು ತೆಗೆದ ಸಾಲ ಹಾಗೇ ಉಳಿಯಿತು. ಆ ಹೊತ್ತಿಗೆ ಅವರನ್ನು ಹಿಂಡುತ್ತಿದ್ದದ್ದು ಬೇರೆ ಸಾಲ.

ಅದು ಬಾಂಡ್ ಸಾಲ, ಅಂದರೆ ಹೊರಗಿನ ಹೂಡಿಕೆದಾರರಿಗೆ ಸಾಲಪತ್ರ ಮಾರಿ ಎತ್ತಿದ ದುಡ್ಡು. 2007ರಲ್ಲಿ ಮೊದಲ ಸಲ 50 ಕೋಟಿ ಡಾಲರಿನ ಬಾಂಡ್ ಮಾರಿದರು. ಆಮೇಲೆ ಅದೇ ರೂಢಿ ಆಯಿತು. ಕೊನೆಗೆ ಇಂಥ ಬಾಂಡೇ 1,250 ಕೋಟಿ ಡಾಲರ್ ಇತ್ತು. ಹೊರಗಿನ ಸಾಲದಲ್ಲಿ ಚೀನಾದ್ದು ಸುಮಾರು ಐದರಲ್ಲಿ ಒಂದು ಪಾಲು. ಬಾಂಡಿನದ್ದು ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ.

ನಾನು 34 ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟವನು. ವಿಶ್ವಬ್ಯಾಂಕ್, ಜಪಾನ್ ಕೊಡುವ ಸಾಲಕ್ಕೆ ಬಡ್ಡಿ ಕಡಿಮೆ, ವಾಯಿದೆ 20-30 ವರ್ಷ. ಬಾಂಡಿಗೆ ಬಡ್ಡಿ ಜಾಸ್ತಿ, ವಾಯಿದೆ 5 ಅಥವಾ 10 ವರ್ಷ. ಗಡುವು ಬಂದ ದಿನ ಅಸಲು ಪೂರ್ತಿ ಒಟ್ಟಿಗೆ ಕಟ್ಟಬೇಕು. ಕಟ್ಟಲು ಹೊಸ ಬಾಂಡ್ ಮಾರಬೇಕು. ಒಬ್ಬ ಸಾಹುಕಾರನ ಸಾಲ ತೀರಿಸಲು ಇನ್ನೊಬ್ಬನ ಹತ್ತಿರ ಹೋದ ಹಾಗೆ. ಕೊಡುವವನು ಸಿಗುವ ತನಕ ನಡೆಯುತ್ತದೆ. 2020ರಲ್ಲಿ ತೆರಿಗೆ ಆದಾಯ ಬಿದ್ದದ್ದನ್ನು ನೋಡಿ ಸಾಲ ತೀರಿಸುವ ಶಕ್ತಿಗೆ ಅಂಕ ಕೊಡುವ ರೇಟಿಂಗ್ ಕಂಪನಿಗಳು ಅಂಕ ಇಳಿಸಿದವು. ಅವತ್ತಿಂದ ಹೊಸ ಬಾಂಡ್ ಕೊಳ್ಳುವವರು ಇಲ್ಲ. ಹಳೆಯವರ ಗಡುವು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಮೇಡಂ ಹೇಳಿದ ತೆರಿಗೆಗೂ ಈ ಡಾಲರಿಗೂ ನೇರ ಸಂಬಂಧ ಇದೆ.

ಚೀನಾ ಸಾಲದಿಂದ ಕಟ್ಟಿದ್ದೆಲ್ಲ ಸರಿ ಅಂತಲ್ಲ. ಹಂಬನ್‌ತೋಟದ ಹತ್ತಿರದ ಮತ್ತಲದಲ್ಲಿ 2013ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದರು. ವಿಮಾನವೇ ಬರಲಿಲ್ಲ. ಒಂದು ಕಾಲದಲ್ಲಿ ಅಲ್ಲಿ ಭತ್ತ ತುಂಬಿಟ್ಟಿದ್ದರು. ಸಾಲ ಯಾರೇ ಕೊಡಲಿ, ಅದರಿಂದ ಕಟ್ಟಿದ್ದು ಡಾಲರ್ ದುಡಿಯದಿದ್ದರೆ ತೀರಿಸುವವರು ಯಾರು?

ಎಂಕಾಂ ಹುಡುಗಿ

ನನ್ನದು ಸಣ್ಣ ಪ್ರಶ್ನೆ. ಸಾಲ ಸಿಗದಿದ್ದರೆ ಅವರ ರಿಸರ್ವ್ ಬ್ಯಾಂಕ್ ನೋಟು ಪ್ರಿಂಟ್ ಮಾಡಬಹುದಿತ್ತಲ್ಲ? ಕ್ಲಾಸಿನಲ್ಲಿ ಹಣದುಬ್ಬರ ಅಂತ ಓದಿದ್ದೇವೆ. ಆದರೆ ನಿಜವಾಗಿ ಏನಾಗುತ್ತದೆ ಅಂತ ಗೊತ್ತಿಲ್ಲ.

ನಿವೃತ್ತ ಬ್ಯಾಂಕಿನವ

ಸಣ್ಣ ಪ್ರಶ್ನೆ ಅಲ್ಲಮ್ಮ, ಇದೇ ಮುಖ್ಯ ಪ್ರಶ್ನೆ. ಅವರು ಪ್ರಿಂಟ್ ಮಾಡಿದರು. ತುಂಬಾ ಮಾಡಿದರು.

ಲಂಕಾ ರೂಪಾಯಿ ಪ್ರಿಂಟ್ ಮಾಡಬಹುದು, ಡಾಲರ್ ಪ್ರಿಂಟ್ ಮಾಡಲು ಆಗುವುದಿಲ್ಲ. ಡಾಲರ್ ಬರುವ ದಾರಿ ಅವರಿಗೆ ಮೂರು. ಬಟ್ಟೆ, ಟೀಪುಡಿ ರಫ್ತು ಒಂದು. ಪ್ರವಾಸಿಗರು ಎರಡನೆಯದು. ಕೊಲ್ಲಿಯಲ್ಲಿ ದುಡಿಯುವವರು ಮನೆಗೆ ಕಳಿಸುವ ದುಡ್ಡು ಮೂರನೆಯದು. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದರು. 2019ರ ಈಸ್ಟರ್ ದಿನ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿಯಿತು. ಆಮೇಲೆ ಕೊರೊನಾ. 2021ರಲ್ಲಿ ಬಂದವರು 2 ಲಕ್ಷವೂ ಇಲ್ಲ.

ಮೂರನೇ ದಾರಿಯನ್ನು ಅವರೇ ಮುಚ್ಚಿಕೊಂಡರು. ಇದನ್ನು ಸ್ವಲ್ಪ ಗಮನ ಕೊಟ್ಟು ಓದು. ನೋಟು ಜಾಸ್ತಿ ಆದಾಗ ರೂಪಾಯಿ ಬೆಲೆ ಇಳಿಯಬೇಕು. ಅವರು ಇಳಿಯಲು ಬಿಡಲಿಲ್ಲ. ಡಾಲರಿಗೆ 203 ಲಂಕಾ ರೂಪಾಯಿ ಅಂತ ತಿಂಗಳುಗಟ್ಟಲೆ ಹಿಡಿದಿಟ್ಟರು. ಹೊರಗೆ ಹವಾಲಾದವರು ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರು. ಕುವೈತಿನಲ್ಲಿ ಮನೆಗೆಲಸ ಮಾಡುವ ಹೆಂಗಸು ಬ್ಯಾಂಕಿಗೆ ಯಾಕೆ ಹಾಕುತ್ತಾಳೆ? 2020ರಲ್ಲಿ ಬ್ಯಾಂಕಿನ ಮೂಲಕ 710 ಕೋಟಿ ಡಾಲರ್ ಬಂದಿತ್ತು. 2021ರಲ್ಲಿ 550 ಕೋಟಿ. 2022ರಲ್ಲಿ 380 ಕೋಟಿಗೆ ಇಳಿಯಿತು. ಜನ ದುಡಿಯುವುದನ್ನು ನಿಲ್ಲಿಸಿರಲಿಲ್ಲ. ದುಡ್ಡು ಸರ್ಕಾರದ ಕೈ ತಪ್ಪಿಸಿಕೊಂಡು ಬರುತ್ತಿತ್ತು.

2019ರ ಕೊನೆಗೆ ವಿದೇಶಿ ವಿನಿಮಯ ನಿಧಿ 760 ಕೋಟಿ ಡಾಲರ್. 2021ರ ಕೊನೆಗೆ 310 ಕೋಟಿ. ಅದರಲ್ಲೂ ಅರ್ಧದಷ್ಟು ಚೀನಾದ ಯುವಾನ್, ಬೇಕೆಂದಾಗ ಖರ್ಚು ಮಾಡುವಂತಿರಲಿಲ್ಲ. ಇಷ್ಟಾದರೂ 2022ರ ಜನವರಿಯಲ್ಲಿ ಒಂದು ಬಾಂಡಿನ ಗಡುವು ಬಂತು ಅಂತ 50 ಕೋಟಿ ಡಾಲರ್ ಎಣಿಸಿಕೊಟ್ಟರು. ಮಾನ ಉಳಿಸಿಕೊಳ್ಳಲು. ಮೇ ತಿಂಗಳಲ್ಲಿ ಹಣಕಾಸು ಸಚಿವರು ಸಂಸತ್ತಿನಲ್ಲಿ ನಿಂತು, ಬಳಸಬಹುದಾದ ಹಣ 5 ಕೋಟಿ ಡಾಲರೂ ಇಲ್ಲ ಅಂದರು. ಎರಡು ಕೋಟಿ ಇಪ್ಪತ್ತು ಲಕ್ಷ ಜನರ ದೇಶ ಅದು!

ನಮ್ಮ ದೇಶ 1991ರಲ್ಲಿ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡ ಕಳಿಸಿದ ವರ್ಷ ನಾನು ಶಾಖೆಯಲ್ಲಿ ಇದ್ದೆ. ಆ ದಿನಗಳ ಭಯ ಮರೆತಿಲ್ಲ. ಹಾಗಾಗಿ ಈ ಅಂಕಿಗಳನ್ನು ಓದುವಾಗ ಎದೆ ಭಾರ ಆಗುತ್ತದೆ.

ಲೆಕ್ಕದಮ್ಮ

ಆ ಜನವರಿಯ 50 ಕೋಟಿ ಡಾಲರ್ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಅದೇ ತಿಂಗಳು ಆಸ್ಪತ್ರೆಗಳಲ್ಲಿ ಔಷಧಿ ಕಡಿಮೆ ಆಗುತ್ತಿತ್ತು. ಅಡುಗೆ ಗ್ಯಾಸ್ ಸಿಗುತ್ತಿರಲಿಲ್ಲ. ಬಾಂಡ್ ಹಿಡಿದವರಿಗೆ ಅಷ್ಟೂ ಕೊಟ್ಟು, ಮೂರೇ ತಿಂಗಳಿಗೆ ಏಪ್ರಿಲ್ 12ರಂದು ಇನ್ನು ಸಾಲ ಕಟ್ಟುವುದಿಲ್ಲ ಅಂತ ಘೋಷಿಸಿದರು. ಆ ಮಾತನ್ನು ಜನವರಿಯಲ್ಲೇ ಹೇಳಿದ್ದರೆ?

ಎಂಕಾಂ ಹುಡುಗಿ, ಹಣದುಬ್ಬರ ಹೇಗಿರುತ್ತದೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ. 2021ರ ಸೆಪ್ಟೆಂಬರಿನಲ್ಲಿ 12.5 ಕೆಜಿ ಸಿಲಿಂಡರಿಗೆ 1,493 ಲಂಕಾ ರೂಪಾಯಿ ಇತ್ತು. 2022ರ ಏಪ್ರಿಲಿನಲ್ಲಿ 4,860. ಪೆಟ್ರೋಲ್ ಡಿಸೆಂಬರಿನಲ್ಲಿ 177, ಜೂನ್ ಕೊನೆಗೆ 470. ಮಾರ್ಚಿನಲ್ಲಿ ರೂಪಾಯಿಯನ್ನು ಹಿಡಿದಿಡುವುದನ್ನು ಬಿಟ್ಟಾಗ ಡಾಲರಿಗೆ 203 ಇದ್ದದ್ದು ಎರಡೇ ತಿಂಗಳಲ್ಲಿ 360 ಆಯಿತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ. ಕಾಗದ ತರಿಸಲು ಡಾಲರ್ ಇಲ್ಲದೆ ಕೊಲಂಬೊ ಕಡೆ ಶಾಲೆಗಳ ಪರೀಕ್ಷೆಯೇ ಮುಂದೆ ಹೋಯಿತು.

ಸರದಿ ಸಾಲನ್ನು ಸಿಂಹಳದಲ್ಲಿ 'ಪೋಲಿಮ' ಅನ್ನುತ್ತಾರೆ. ಆ ವರ್ಷ ನಾನು ಅತಿ ಹೆಚ್ಚು ಕೇಳಿದ ಪದ ಅದು. ಗ್ಯಾಸ್ ಪೋಲಿಮ, ಸೀಮೆಎಣ್ಣೆ ಪೋಲಿಮ, ಪೆಟ್ರೋಲ್ ಪೋಲಿಮ. ಸಾಲಿನಲ್ಲಿ ನಿಂತು ನಿಂತು ಜೀವ ಬಿಟ್ಟವರಿದ್ದಾರೆ. ನಮ್ಮ ಹೊಲಿಗೆ ವಿಭಾಗದ ಒಬ್ಬಳು ಹುಡುಗಿ ರಾತ್ರಿಯಿಡೀ ಸೀಮೆಎಣ್ಣೆ ಸಾಲಿನಲ್ಲಿ ನಿಂತು ಬೆಳಗ್ಗೆ ಏಳಕ್ಕೆ ಸೀದಾ ಶಿಫ್ಟಿಗೆ ಬಂದಿದ್ದಳು. ಅವಳು ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾಲ್ವರ ಜೊತೆ ಇದ್ದಳು. ಕ್ಯಾಂಟೀನಿನಲ್ಲಿ ಕೊಡುವ ಮಧ್ಯಾಹ್ನದ ಊಟದಲ್ಲಿ ಅರ್ಧ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ನೋಡಿದ್ದು ಗೊತ್ತಾಗಿ ಡಬ್ಬಿ ಮುಚ್ಚಿಟ್ಟಳು. ಆ ದಿನ ಸಂಬಳದ ಪಟ್ಟಿ ತೆರೆದು ಅವಳ ಹೆಸರಿನ ಮುಂದೆ ಇದ್ದ ಅಂಕಿಯನ್ನೇ ತುಂಬಾ ಹೊತ್ತು ನೋಡಿದೆ. ಸೆಪ್ಟೆಂಬರ್ ಹೊತ್ತಿಗೆ ಒಂದು ವರ್ಷದಲ್ಲಿ ಆಹಾರದ ಬೆಲೆ ಶೇ. 95ರಷ್ಟು ಏರಿತ್ತು. ಅವಳ ಅಂಕಿ ಅಷ್ಟು ಏರಿರಲಿಲ್ಲ.

ಏಪ್ರಿಲಿನಲ್ಲಿ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಡೇರೆ ಹಾಕಿ ಜನ ಕೂತರು. ಅದನ್ನೇ ಅವರು ಅರಗಲಯ ಅನ್ನುತ್ತಾರೆ, ಹೋರಾಟ ಅಂತ ಅರ್ಥ. ಜುಲೈ 9ಕ್ಕೆ ಅಧ್ಯಕ್ಷರ ಮನೆಗೆ ನುಗ್ಗಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿರುತ್ತೀರಿ. ಜುಲೈ 13ಕ್ಕೆ ಗೋಟಬಯ ದೇಶ ಬಿಟ್ಟರು. ಅಧ್ಯಕ್ಷರ ಮನೆಯ ಈಜುಕೊಳದಲ್ಲಿ ಜನ ಈಜಿದ ವಿಡಿಯೊ ನೋಡಿ ಇಲ್ಲಿ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ.

ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. ಡೀಸೆಲ್, ಅಕ್ಕಿ, ಔಷಧಿ, ಯೂರಿಯಾ. "ಇಂಡಿಯಾ ಹಡಗು ಬಂತಂತೆ" ಅಂತ ಫ್ಲೋರಿನಲ್ಲಿ ಸುದ್ದಿ ಹಬ್ಬುತ್ತಿತ್ತು. ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು, ನಾನೇ ಕಳಿಸಿದೆನೇನೋ ಅನ್ನುವ ಹಾಗೆ.

ಸುಳ್ಯದ ರಬ್ಬರ್

ಇಷ್ಟು ದಿನ ಇಲ್ಲಿ ಸುಮ್ಮನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಟ್ಯಾಪಿಂಗ್ (ಮರ ಗೀರಿ ರಬ್ಬರ್ ಹಾಲು ತೆಗೆಯುವ ಕೆಲಸ) ಮಾಡುವವರು ಶ್ರೀಲಂಕಾದಿಂದ ಬಂದ ತಮಿಳರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೊ ಅವರೂ ಮಾಡಿಕೊಂಡ ಒಪ್ಪಂದದಲ್ಲಿ ವಾಪಸ್ ಕಳಿಸಲ್ಪಟ್ಟವರು. ನಮ್ಮ ಪಕ್ಕದ ಕಾಲೊನಿಯಲ್ಲೇ ಇದ್ದಾರೆ. ಅವರ ಮಕ್ಕಳು ನಮ್ಮ ಜೊತೆ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡ, ತುಳು ಎರಡೂ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ.

ನನ್ನ ಗೆಳೆಯನ ಅಜ್ಜಿಯ ತಂಗಿ ನುವರ ಎಲಿಯದ ಟೀ ತೋಟದಲ್ಲೇ ಉಳಿದುಬಿಟ್ಟರು. 2022ರಲ್ಲಿ ಅವರ ಮನೆಯವರು ಫೋನ್ ಮಾಡುತ್ತಿದ್ದರು. ತೋಟದ ದಿನಗೂಲಿ ಆಗ 1,000 ಲಂಕಾ ರೂಪಾಯಿ. ಅದೂ 2021ರಲ್ಲಷ್ಟೇ ಆಗಿತ್ತು. ಒಂದು ಕೆಜಿ ಹಾಲಿನ ಪುಡಿಗೆ ಒಂದು ದಿನದ ಕೂಲಿ ಸಾಲುತ್ತಿರಲಿಲ್ಲ. ಗೊಬ್ಬರ ಇಲ್ಲದೆ ಚಿಗುರು ಕಡಿಮೆ ಆಯಿತು. ಚಿಗುರು ಕಡಿಮೆ ಆದರೆ ಹೇಳಿದಷ್ಟು ಕೆಜಿ ಕಿತ್ತು ಕೊಡಲು ಆಗುವುದಿಲ್ಲ, ಪೂರ್ತಿ ಕೂಲಿ ಸಿಗುವುದಿಲ್ಲ. ಡಾಲರ್ ತರುವ ಟೀ ಕೀಳುವವರೇ ಅವರು. ಅವರ ಮನೆಯಲ್ಲಿ ಹಾಲಿಲ್ಲದ ಟೀ.

ಗೆಳೆಯನ ಅಪ್ಪ ಇಲ್ಲಿಂದ ದುಡ್ಡು ಕಳಿಸಲು ನೋಡಿದರು. ಅವರೂ ಕೂಲಿ ಮಾಡುವವರೇ. "ನಮ್ಮನ್ನು ಆವತ್ತು ಹಡಗು ಹತ್ತಿಸಿದರು ಅಂತ ಅಪ್ಪ ಅಳುತ್ತಿದ್ದ, ಈಗ ಉಳಿದವರು ಅಳುತ್ತಿದ್ದಾರೆ" ಅಂದರು.

ಗದ್ದೆಬದು

ಸುಳ್ಯದವರೇ, ಇದು ಗೊತ್ತೇ ಇರಲಿಲ್ಲ. ಬರೆದದ್ದು ಒಳ್ಳೆಯದಾಯಿತು.

ತಿಪಟೂರು ತೆಂಗು

ಎಲ್ಲ ಓದಿದೆ. ಮನಸ್ಸಿಗೆ ಬೇಜಾರಾಯಿತು. ಆದರೆ ಒಂದು ಮಾತು ಬಿಡದೆ ಕೇಳಬೇಕು. ಲೆಕ್ಕದಮ್ಮ ಮೇಡಂ ಹೇಳುವುದನ್ನು ನೋಡಿದರೆ ಸರ್ಕಾರ ಎಷ್ಟು ಬೇಕಾದರೂ ಹಂಚಬಹುದು, ತೆರಿಗೆ ಹಾಕಿದರೆ ಸಾಕು ಅಂತ ಅನ್ನಿಸುತ್ತದೆ. ಶ್ರೀಲಂಕಾದಲ್ಲಿ ಸರ್ಕಾರಿ ನೌಕರಿ ಎಷ್ಟು ಕೊಟ್ಟಿದ್ದರು? ಸೈನ್ಯವೂ ಸೇರಿ 14 ಲಕ್ಷದ ಮೇಲೆ. ಕರೆಂಟು, ಪೆಟ್ರೋಲು ಎಷ್ಟೋ ವರ್ಷ ನಷ್ಟಕ್ಕೆ ಮಾರಿದರು. ಇದೂ ಹಂಚಿದ್ದೇ ಅಲ್ವಾ? ನಮ್ಮಲ್ಲಿ ಗ್ಯಾರಂಟಿಗಳಿಗೆ ವರ್ಷಕ್ಕೆ 50,000 ಕೋಟಿಗೂ ಜಾಸ್ತಿ ಹೋಗುತ್ತಿದೆ. ನಮ್ಮೂರಿನ ರಸ್ತೆಗೆ ದುಡ್ಡಿಲ್ಲ ಅನ್ನುತ್ತಾರೆ. ಕೇಳುವುದು ತಪ್ಪಾ?

ಲೆಕ್ಕದಮ್ಮ

ತಪ್ಪಲ್ಲ. ಕೇಳಲೇಬೇಕು. ನನ್ನ ಮೊದಲ ಬರಹದಲ್ಲಿ ಒಂದು ಕಡೆಯನ್ನೇ ಒತ್ತಿ ಹೇಳಿದೆ. ನೌಕರಿಯ ಮಾತು, ಕರೆಂಟಿನ ಮಾತು ನೀವು ಹೇಳಿದ್ದು ನಿಜ. ಅವರು ಐಎಂಎಫ್ (ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋದದ್ದು 1965ರಿಂದ ಈಚೆಗೆ 17 ಸಲ. ಎಲ್ಲ ಸಲವೂ ಅದೇ ಕಥೆ, ಆದಾಯಕ್ಕಿಂತ ಖರ್ಚು ಜಾಸ್ತಿ.

ಆದರೆ ಕರ್ನಾಟಕ ಶ್ರೀಲಂಕಾ ಆಗುತ್ತದೆ ಅನ್ನುವ ಹೋಲಿಕೆ ಮಾತ್ರ ಕೂಡುವುದಿಲ್ಲ. ಸಂವಿಧಾನದ 293ನೇ ವಿಧಿ ಪ್ರಕಾರ ರಾಜ್ಯ ಸರ್ಕಾರ ದೇಶದ ಒಳಗೆ ಮಾತ್ರ ಸಾಲ ಮಾಡಬಹುದು. ನಮ್ಮ ರಾಜ್ಯ ಡಾಲರ್ ಬಾಂಡ್ ಮಾರುವ ಹಾಗೇ ಇಲ್ಲ. ನಮ್ಮ ಸಾಲ ಹೆಚ್ಚುಕಡಿಮೆ ಎಲ್ಲ ರೂಪಾಯಿಯಲ್ಲಿ, ಆದಾಯವೂ ರೂಪಾಯಿಯಲ್ಲಿ. ಅಲ್ಲಿ 100 ಕೋಟಿ ಡಾಲರ್ ಸಾಲ ಮಾರ್ಚಿನಲ್ಲಿ ಸುಮಾರು 20,000 ಕೋಟಿ ಲಂಕಾ ರೂಪಾಯಿ. ಮೇ ತಿಂಗಳಲ್ಲಿ ಅದೇ ಸಾಲ 36,000 ಕೋಟಿ. ಒಂದು ಪೈಸೆ ಹೊಸ ಸಾಲ ಮಾಡದೆ! ಇಂಥದ್ದು ಕರ್ನಾಟಕಕ್ಕೆ ಆಗಲು ಸಾಧ್ಯ ಇಲ್ಲ. 2002ರಲ್ಲೇ ನಾವು ವಿತ್ತೀಯ ಹೊಣೆಗಾರಿಕೆ ಕಾನೂನು ಮಾಡಿದ್ದೇವೆ, ದೇಶದಲ್ಲೇ ಮೊದಲು. ಕೊರತೆ ರಾಜ್ಯದ ದುಡಿಮೆಯ ಶೇ. 3 ದಾಟಬಾರದು ಅಂತ.

ನಿಮ್ಮೂರಿನ ರಸ್ತೆಯ ಪ್ರಶ್ನೆ ಅದಕ್ಕಿಂತ ಒಳ್ಳೆಯ ಪ್ರಶ್ನೆ. ಗ್ಯಾರಂಟಿಗೆ ಹೋದ ದುಡ್ಡಿನಿಂದ ಯಾವ ಕೆಲಸ ನಿಂತಿತು, ಅಂತ ಕೇಳಿ. ಯಾರ ಮನೆಗೆ ಏನು ಬಂತು ಅಂತಲೂ ಕೇಳಿ. ಅದಕ್ಕೆ ಶ್ರೀಲಂಕಾ ತರಬೇಕಾಗಿಲ್ಲ.

ತಿಪಟೂರು ತೆಂಗು

ಡಾಲರಿನ ವ್ಯತ್ಯಾಸ ಈಗ ಅರ್ಥ ಆಯಿತು. ಆದರೆ ರಾಜ್ಯದ ಬಡ್ಡಿ ಏರುತ್ತಿದೆ ಅನ್ನುವ ಚಿಂತೆ ನನಗೆ ಹೋಗಿಲ್ಲ. ಹೋಗುವುದೂ ಇಲ್ಲ.

ಹೆಸರು ಬೇಡ

ಆಮೇಲೆ ತೆರಿಗೆ ಏರಿಸಿದರಲ್ಲ, ಅದರ ಬಗ್ಗೆಯೂ ಬರೆಯಿರಿ. 2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಒಪ್ಪಿತು. ಅದಕ್ಕೂ ಮುಂಚೆಯೇ ವ್ಯಾಟ್ ಶೇ. 8ರಿಂದ 12, ಆಮೇಲೆ 15. 2024ರ ಜನವರಿಯಿಂದ 18. ವ್ಯಾಟ್ ಅಂದರೆ ಸೋಪು ಕೊಳ್ಳುವ ಕೂಲಿಯವನೂ ಕಟ್ಟುತ್ತಾನೆ. ಇಳಿಸಿದಾಗ ಲಾಭ ಉಳ್ಳವರಿಗೆ, ಏರಿಸಿದಾಗ ಹೊರೆ ಎಲ್ಲರಿಗೆ. ಇದನ್ನು "ಸರಿ ದಾರಿಗೆ ಬಂತು" ಅಂತ ಪತ್ರಿಕೆಗಳು ಬರೆಯುತ್ತವೆ. ವಿಶ್ವಬ್ಯಾಂಕಿನ ಲೆಕ್ಕದಲ್ಲೇ ಜನಸಂಖ್ಯೆಯಲ್ಲಿ ಬಡವರ ಪಾಲು 2021ರಲ್ಲಿ ಶೇ. 13 ಇದ್ದದ್ದು ಮರುವರ್ಷ ಶೇ. 25 ಆಯಿತು.

ಲೆಕ್ಕದಮ್ಮ

ನೀವು ಹೇಳಿದ್ದು ನನಗೆ ನಾಟಿತು. 2023ರ ಜನವರಿಯಲ್ಲಿ ನಾನು ಸೊನ್ನೆ ಮಾಡಿದ್ದ ಕಾಲಂಗೆ ಮತ್ತೆ ಅಂಕಿ ತುಂಬಿದೆ. ಈ ಸಲ ಮೇಲಿನ ದರ ಶೇ. 36ರವರೆಗೆ. ಡಾಕ್ಟರುಗಳು, ಎಂಜಿನಿಯರುಗಳು ಬೀದಿಗಿಳಿದರು. ಎಷ್ಟೋ ಜನ ದೇಶ ಬಿಟ್ಟರು. ನನ್ನ ಸಂಬಳದಿಂದ ಹೋದದ್ದಕ್ಕೆ ನನಗೆ ಬೇಸರ ಇರಲಿಲ್ಲ. ಕಟ್ಟುವ ಶಕ್ತಿ ಇತ್ತು.

ನೋವಾದದ್ದು ಇಪಿಎಫ್ (ಕಾರ್ಮಿಕರ ಭವಿಷ್ಯನಿಧಿ) ವಿಷಯಕ್ಕೆ. ಅಲ್ಲಿ ಕಾರ್ಮಿಕರ ಸಂಬಳದಿಂದ ಶೇ. 8, ಕಂಪನಿಯಿಂದ ಶೇ. 12 ಆ ನಿಧಿಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಹೆಚ್ಚಿನದು ಸರ್ಕಾರದ ಬಾಂಡಿನಲ್ಲೇ ಇರುತ್ತದೆ. 2023ರ ಜುಲೈ ಹೊತ್ತಿಗೆ ಸರ್ಕಾರ ದೇಶದ ಒಳಗೆ ಮಾಡಿದ ಸಾಲದ ಷರತ್ತನ್ನೂ ಬದಲಿಸಬೇಕು ಅಂತ ಬಂತು. ಬ್ಯಾಂಕುಗಳು ಹಿಡಿದಿದ್ದ ರೂಪಾಯಿ ಬಾಂಡುಗಳನ್ನು ಮುಟ್ಟಲಿಲ್ಲ. ಠೇವಣಿದಾರರು ಓಡಿಬರುತ್ತಾರೆ ಅಂತ. ಪಿಂಚಣಿ ನಿಧಿಗಳಿಗೆ ಮಾತ್ರ, ಹಳೇ ಬಾಂಡ್ ಕೊಟ್ಟು ಕಡಿಮೆ ಬಡ್ಡಿಯ ಹೊಸ ಬಾಂಡ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಶೇ. 30 ತೆರಿಗೆ ಅಂದರು. ಹೊಸ ಬಾಂಡಿಗೆ ಮೊದಲ ಕೆಲವು ವರ್ಷ ಶೇ. 12, ಆಮೇಲೆ ಕೊನೆಯವರೆಗೂ ಶೇ. 9. ಸರ್ಕಾರ ಸ್ವಲ್ಪ ಕಾಲಕ್ಕೆ ಸಾಲ ಎತ್ತುವ ಖಜಾನೆ ಬಿಲ್ಲಿಗೆ ಸುಮಾರು ಶೇ. 30 ಬಡ್ಡಿ ನಡೆದಿದ್ದ ಕಾಲ ಅದರ ಹಿಂದೆಯೇ ಇತ್ತು. ಬೆಲೆಗಳು ಆಗಲೇ ಆ ಉಳಿತಾಯದ ಅರ್ಧವನ್ನು ತಿಂದಿದ್ದವು.

ಡಬ್ಬಿ ಮುಚ್ಚಿಟ್ಟ ಹುಡುಗಿಯ ಇಪಿಎಫ್ ಕಂತನ್ನು ಪ್ರತಿ ತಿಂಗಳು ಕಟ್ಟುತ್ತಿದ್ದವಳು ನಾನೇ. 2020ರಲ್ಲಿ ತೆರಿಗೆ ಉಳಿಸಿಕೊಂಡವಳು ನಾನು. ಸಾಲದ ಭಾರ ಹೊತ್ತವಳು ಅವಳು. ಇದನ್ನೇ ನಾನು ಮೊದಲಿನಿಂದ ಹೇಳಬೇಕು ಅಂದುಕೊಂಡದ್ದು. ನೀವು ಕೇಳದಿದ್ದರೆ ಇಷ್ಟು ಸ್ಪಷ್ಟವಾಗಿ ಬರೆಯುತ್ತಿರಲಿಲ್ಲ.

ಒಂದು ಸಮಾಧಾನ ಇದೆ. 2023ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಾಜಪಕ್ಸ ಸಹೋದರರೂ ಕೆಲವು ಮಾಜಿ ಅಧಿಕಾರಿಗಳೂ ಜನರ ನಂಬಿಕೆಗೆ ದ್ರೋಹ ಮಾಡಿದರು ಅಂತ ತೀರ್ಪು ಕೊಟ್ಟಿತು. ಆರ್ಥಿಕ ನಿರ್ಧಾರಗಳಿಗೆ ಕೋರ್ಟು ಹೊಣೆ ಹೊರಿಸುವುದು ತುಂಬಾ ಅಪರೂಪ.

ಎಂಕಾಂ ಹುಡುಗಿ

ಈಗ ಅಲ್ಲಿ ಹೇಗಿದೆ ಅಕ್ಕ?

ಲೆಕ್ಕದಮ್ಮ

2022ರಂಥ ಸರದಿ ಸಾಲುಗಳಿಲ್ಲ. 2024ರಲ್ಲಿ ದೇಶದ ದುಡಿಮೆ ಶೇ. 5 ಬೆಳೆಯಿತು. ಆ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದರು. ಡಿಸೆಂಬರಿನಲ್ಲಿ ಬಾಂಡ್ ಹಿಡಿದವರ ಜೊತೆ ಒಪ್ಪಂದ ಮುಗಿಯಿತು. 2025ರಲ್ಲಿ ಕಾರು ತರಿಸುವುದನ್ನೂ ಮತ್ತೆ ಬಿಟ್ಟರು. ಆದರೆ ಬಡತನ ಇನ್ನೂ 2019ರ ಮಟ್ಟಕ್ಕೆ ಇಳಿದಿಲ್ಲ. ಬೆಲೆ ಏರುವ ವೇಗ ತಗ್ಗಿದೆ, ಹಳೇ ಮಟ್ಟಕ್ಕೆ ಇಳಿದಿಲ್ಲ.

ಎಂಕಾಂ ಹುಡುಗಿ

ಲೆಕ್ಕದಮ್ಮ ಅಕ್ಕ ಶ್ರೀಲಂಕಾಕ್ಕೆ ಮಾಡಿದ ಹಾಗೆ ನಮ್ಮಲ್ಲೂ ಬಡ್ಡಿಯನ್ನು ಆದಾಯದಿಂದ ಭಾಗಿಸಿ ನೋಡಿದೆ. ರಾತ್ರಿ ಕೂತು ಬಜೆಟ್ ಪುಸ್ತಕ ತೆಗೆದೆ. ಕರ್ನಾಟಕದ್ದು 100ಕ್ಕೆ 15ರ ಆಸುಪಾಸು ಬಂತು. ಕೇಂದ್ರದ್ದು 2024-25ರ ಬಜೆಟಿನಲ್ಲಿ ಬಡ್ಡಿ 11.6 ಲಕ್ಷ ಕೋಟಿ, ಆದಾಯ 31.3 ಲಕ್ಷ ಕೋಟಿ. ಅಂದರೆ 100ಕ್ಕೆ 37. ಇಷ್ಟು ಜಾಸ್ತಿನಾ? ಲೆಕ್ಕ ತಪ್ಪಿದೆಯಾ?

ನಿವೃತ್ತ ಬ್ಯಾಂಕಿನವ

ಲೆಕ್ಕ ಸರಿ ಇದೆಯಮ್ಮ. ನೀನು ತೆಗೆದುಕೊಂಡ 31.3 ರಾಜ್ಯಗಳ ಪಾಲನ್ನು ಕಳೆದ ಮೇಲೆ ಕೇಂದ್ರಕ್ಕೆ ಉಳಿಯುವುದು, ಅದನ್ನು ನೆನಪಿಟ್ಟುಕೋ. ಆ ಬಡ್ಡಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ರೂಪಾಯಿಯಲ್ಲಿ ಕಟ್ಟುವುದು, ಅದೂ ಮುಖ್ಯ. ಹಾಗಂತ 37 ಕಡಿಮೆ ಅಲ್ಲ. ಈಗ ಹಿಂದಿನ ಹತ್ತು ವರ್ಷದ್ದನ್ನೂ ಹೀಗೇ ತೆಗೆದು ಒಂದರ ಕೆಳಗೆ ಒಂದು ಬರೆ. ಏರುತ್ತಿದೆಯಾ, ಇಳಿಯುತ್ತಿದೆಯಾ ಅಂತ ನೋಡೋಣ. ಇಲ್ಲೇ ಹಾಕು, ನಾನು ತಾಳೆ ನೋಡುತ್ತೇನೆ.

ತಿಪಟೂರು ತೆಂಗು

ರಾಜ್ಯದ್ದೂ ಹತ್ತು ವರ್ಷದ್ದು ಹಾಕಮ್ಮ. ನನಗೆ ಅದೇ ಬೇಕು.